ಮುಂದಿನ ವರ್ಷಗಳಿಗಾಗಿ ಕಿತ್ತ ಹಲ್ಲುಗಳು

ಹಲ್ಲಿನ ಡಾಕ್ಟರಿಗೆ ಇದ್ದವಳು ಒಬ್ಬಳೇ ತಂಗಿ. ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಆಕೆ ಮಹಾ ವಾಚಾಳಿ. ಕತ್ತರಿ ಕೈಗೆಟುಕುವಂತಿದ್ದರೂ ದಾರವನ್ನು ಹಲ್ಲಲ್ಲೇ ಕಚ್ಚಿ ತುಂಡು ಮಾಡುವಳು. ಅಕ್ಕ ಬೈದರೆ, ನಿನಗೆ ಗಿರಾಕಿ ಬೇಡವೇನೇ ಎಂದು ನಗುವಳು.

ಆ ತಂಗಿಯ ನಾಲಿಗೆಯ ಬುಡದಲ್ಲಿ ಗಡ್ಡೆಯೊಂದು ಎದ್ದಿತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ರೇಡಿಯೇಷನ್ ಕೊಡಬೇಕು, ಅದಕ್ಕೆ ಮುಂಚೆ ಕೆಳದವಡೆಯ ಹಿಂದಿನ ಹಲ್ಲುಗಳನ್ನು ತೆಗೆಸಿ ಗಾಯ ಮಾಗಿಸಿಕೊಂಡು ಬನ್ನಿ ಎಂದು ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದರು. ಅಕ್ಕ ಎಕ್ಸ್‌ರೇ ತೆಗೆದು ನೋಡಿದಳು. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಆ ಹಲ್ಲುಗಳ ಬೇರಿನ ಸುತ್ತ ಮೂಳೆ ಸವೆದಿತ್ತು. ಆಸ್ಪತ್ರೆಯವರು ಹೇಳಿದ್ದು ಸರಿಯಾಗಿಯೇ ಇತ್ತು.

ತಾನು ಕೀಳುವುದಿಲ್ಲ, ಸ್ವಂತದವರ ಬಾಯಿಗೆ ಕೈ ಹಾಕಿದರೆ ಕೈ ಮಾತು ಕೇಳುವುದಿಲ್ಲ ಎಂದು ಅವಳು ತನ್ನ ಜೊತೆ ಓದಿದ ಹಲ್ಲಿನ ಡಾಕ್ಟರ್ ಗೆಳತಿಯೊಬ್ಬಳನ್ನು ಗೊತ್ತು ಮಾಡಿದಳು. ತಂಗಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಕೀಳೋದಾದ್ರೆ ನೀನೇ ಕೀಳು. ಬೇರೆಯವ್ರ ಮುಂದೆ ಅಳೋಕೆ ನಂಗೆ ನಾಚಿಕೆ."

ಕುರ್ಚಿಯಲ್ಲಿ ಒರಗಿ, ದೀಪವನ್ನು ಇನ್ನೂ ಮುಖದ ಮೇಲೆ ತಿರುಗಿಸಿರಲಿಲ್ಲ, ಆಗ ಕೇಳಿದಳು: "ಇವನ್ನ ಹಾಗೇ ಬಿಟ್ರೆ ಏನಾಗುತ್ತೆ, ಅಕ್ಕ?"

"ಈಗ ಏನೂ ಆಗಲ್ಲ ಕಣೇ. ರೇಡಿಯೇಷನ್ ಬಿದ್ದ ಮೂಳೆಗೆ ಆಮೇಲೆ ರಕ್ತ ಸರಿಯಾಗಿ ಓಡಾಡಲ್ಲ. ಹತ್ತು ವರ್ಷ ಆದ್ಮೇಲೆ ಹಲ್ಲು ಕೆಟ್ಟು ಕೀಳಬೇಕಾಗಿ ಬಂದ್ರೂ ಗಾಯ ಮಾಯಲ್ಲ, ದವಡೆನೇ ಹಾಳಾಗುತ್ತೆ."

ತಂಗಿ ಮೆಲ್ಲಗೆ, "ಹತ್ತು ವರ್ಷ ಆದ್ಮೇಲೆ" ಎಂದಳು. ಅವಳ ಮುಖವೆಲ್ಲ ಅರಳಿತ್ತು. ಅಕ್ಕ ಹೇಳಿದ್ದು ಸುಳ್ಳಲ್ಲ, ಕಾಲೇಜಿನಲ್ಲಿ ಕಲಿತ ಕಾರಣವಷ್ಟೇ. ಆದರೆ ಅದನ್ನು ಮಾತು ಕೊಟ್ಟ ಹಾಗೆ ಕೇಳಿಸಿಕೊಂಡವಳಿಗೆ ಹಾಗಲ್ಲ ಎಂದು ಹೇಗೆ ಹೇಳುವುದು? ಅವಳು ದೀಪ ತಿರುಗಿಸಿದಳು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕಾದಳು. ತುಟಿ ದಪ್ಪಗಾದ ಹಾಗಿದೆ ಎಂದು ತಂಗಿ ಹೇಳಿದ ಮೇಲೂ ವಸಡನ್ನು ಚುಚ್ಚಿ ನೋಡಿದಳು. ಒತ್ತಿದ್ದು ಗೊತ್ತಾಗುತ್ತದೆ, ನೋವಾಗಬಾರದು, ನೋವಾದರೆ ಕೈ ಎತ್ತು ಎಂದಳು. ಹಲ್ಲಿನ ಸುತ್ತ ವಸಡನ್ನು ಬಿಡಿಸಿದಳು. ಇಕ್ಕಳವನ್ನು ಬೇರಿನ ಕಡೆಗೆ ಕೆಳಕ್ಕೆ ಒತ್ತಿ ಹಿಡಿದಳು. ಹಲ್ಲು ಕೀಳುವುದೆಂದರೆ ಎಳೆಯುವುದೆಂದು ಜನ ತಿಳಿದಿದ್ದಾರೆ. ಎಳೆದರೆ ಬೇರು ಮುರಿಯುತ್ತದೆ. ಕೆನ್ನೆಯ ಕಡೆಗೆ ನಿಧಾನವಾಗಿ ಬಾಗಿಸಿ, ತಡೆದು, ನಾಲಿಗೆಯ ಕಡೆಗೆ ಬಾಗಿಸಿ, ಮೂಳೆ ತಾನಾಗಿ ಅಗಲವಾಗುವವರೆಗೂ ಕಾಯಬೇಕು. ಆವತ್ತು ಅವಳು ಕಾದಷ್ಟು ಯಾವತ್ತೂ ಕಾದವಳಲ್ಲ. ಹಲ್ಲುಗಳು ಒಂದೊಂದಾಗಿ ಸಡಿಲವಾಗಿ ಬಂದವು, ಬೇರು ಸಮೇತ. ಮೂಳೆಯ ಚೂಪು ಅಂಚುಗಳನ್ನು ಉಜ್ಜಿ ನಯ ಮಾಡಿ ಹೊಲಿಗೆ ಹಾಕಿದಳು. ತಂಗಿ ಒಂದು ಸಲವೂ ಕೈ ಎತ್ತಲಿಲ್ಲ, ಅಳಲೂ ಇಲ್ಲ.

ಆಮೇಲೆ ಅಂಗಡಿಗೆ ಬಂದವರಿಗೆಲ್ಲ ತಂಗಿ ಹೇಳಿದ್ದೇ ಹೇಳಿದ್ದು. ಬದುಕದವಳ ಹಲ್ಲು ಯಾರಾದರೂ ಕೀಳುತ್ತಾರಾ, ನಮ್ಮಕ್ಕ ಲೆಕ್ಕ ಹಾಕಿಯೇ ಕಿತ್ತಿದ್ದಾಳೆ ಎನ್ನುವಳು. ರೇಡಿಯೇಷನ್ನಿಗೆ ಬಾಯೆಲ್ಲ ಹುಣ್ಣಾಗಿ ನೀರು ಇಳಿಯದಿದ್ದಾಗಲೂ ಗಂಡನಿಗೆ ಅದನ್ನೇ ಬರೆದು ತೋರಿಸಿದಳಂತೆ.

ವರ್ಷ ತುಂಬುವ ಮೊದಲೇ ಕಾಯಿಲೆ ಶ್ವಾಸಕೋಶಕ್ಕೆ ಹರಡಿತು.

ಆ ಹಲ್ಲುಗಳನ್ನಾದರೂ ಬಿಟ್ಟಿದ್ದರೆ, ಗಂಡ ಕಿವುಚಿ ಕೊಟ್ಟಿದ್ದನ್ನು ನುಂಗುವ ಬದಲು ಇಷ್ಟು ದಿನ ಬಾಯಿತುಂಬ ಅಗಿದು ತಿನ್ನುತ್ತಿದ್ದಳಲ್ಲ ಎಂಬ ಯೋಚನೆ ಅಕ್ಕನನ್ನು ಹುಳದ ಹಾಗೆ ಕೊರೆಯಿತು. ದೊಡ್ಡಾಸ್ಪತ್ರೆಯವರನ್ನು ಕೇಳಿದರೆ, ನಾಳೆ ಇಂಥವರೇ ಬಂದರೂ ನಾವು ಅದನ್ನೇ ಹೇಳುತ್ತೇವೆ ಎಂದರು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರಿಂದ ಸಂಕಟವೇನೂ ಇಳಿಯಲಿಲ್ಲ.

ಕೊನೆಕೊನೆಗೆ ಒಂದು ಮಧ್ಯಾಹ್ನ ತಂಗಿ ಅವಳನ್ನು ಹತ್ತಿರ ಕರೆದು, ತಾನಾಗಿಯೇ ಬಾಯಿ ತೆರೆದು ತೋರಿಸಿದಳು. ವಸಡು ನಯವಾಗಿ, ಒಂದು ಗೀರೂ ಇಲ್ಲದೆ ಮಾಗಿತ್ತು.

"ಚೆನ್ನಾಗಿ ಮಾಡಿದ್ದೀಯ ಕಣೇ" ಎಂದಳು, ಉಸಿರು ಸಾಲದೆ ತಡೆತಡೆದು. "ಆ ಹತ್ತು ವರ್ಷದ ಮಾತು ಕೇಳಿ ನಂಗೆಷ್ಟು ಖುಷಿಯಾಗಿತ್ತು ಗೊತ್ತಾ? ಅದನ್ನ ವಾಪಸ್ ತಗೋಬೇಡ."

ಅಕ್ಕ ತಂಗಿಯ ಕೆನ್ನೆಯ ಮೇಲೆ ಕೈಯಿಟ್ಟು ಕೂತಳು. ಅದೇ ವಾರ ತಂಗಿ ತೀರಿಕೊಂಡಳು.

ಕೆಲವು ದಿನ ಕಳೆದು ಅಕ್ಕ ತಂಗಿಯ ಮನೆಗೆ ಹೋದಾಗ ತಂಗಿಯ ಗಂಡ ಒಬ್ಬನೇ ಊಟಕ್ಕೆ ಕೂತಿದ್ದ. ಬನ್ನಿ ಅಕ್ಕ ಎಂದು ಅವಳಿಗೂ ತಟ್ಟೆ ಇಟ್ಟ. ಅದಕ್ಕೆ ಬೇಯಿಸಿದ ಆಲೂಗಡ್ಡೆ ಹಾಕಿ ಚಮಚದ ಬೆನ್ನಿನಿಂದ ಒತ್ತುತ್ತಾ, ಗಂಟೊಂದೂ ಉಳಿಯದಂತೆ ಮತ್ತೆ ಮತ್ತೆ ಒತ್ತುತ್ತಾ, ಅಂಗಡಿಯ ಹೊಲಿಗೆ ಯಂತ್ರವನ್ನು ಏನು ಮಾಡುವುದೆಂದು ಅವಳನ್ನು ಕೇಳುತ್ತಿದ್ದ. ನಡುವೆ ಅವನ ಕಣ್ಣು ತಟ್ಟೆಯ ಮೇಲೆ ಬಿತ್ತು. ಕೈ ನಿಂತಿತು. ಅವಳು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಅದನ್ನೇ ತಿಂದಳು.