ಹಗ್ಗದ ಸಮೇತ ಕೊಟ್ಟ ಕ್ಯಾಮೆರಾ

ಎತ್ತು ಮಾರುವವನು ಎತ್ತನ್ನು ಕೊಡುತ್ತಾನೆ, ಹಗ್ಗವನ್ನು ಕೊಡುವುದಿಲ್ಲ. ಶಿರೋಳದ ಮಾಳಪ್ಪ ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಆ ಸೀಮೆಯಲ್ಲಿ ಹೀಗೇ ನಡೆದುಬಂದಿದೆ. ಕೊಂಡವನು ಹೊಸ ಹಗ್ಗ ತರಬೇಕು. ಮಾರಿದವನು ಹಳೆಯದನ್ನು ಬಿಚ್ಚಿಕೊಂಡು ಹೋಗಿ ತನ್ನ ಗೂಟಕ್ಕೆ ಕಟ್ಟಬೇಕು. ಗೂಟ ಬರಿದಾಗಬಾರದು, ಬಸವಣ್ಣ ಆ ಕೊಟ್ಟಿಗೆಗೆ ಮತ್ತೆ ಬರುವ ದಾರಿ ಮುಚ್ಚಬಾರದು ಎಂಬ ನಂಬಿಕೆ. ಹಗ್ಗದ ಸಮೇತ ಎತ್ತು ಕೊಡುವವನ ಮನಸ್ಸಿನಲ್ಲಿ ಇರುವುದು ಒಂದೇ: ಇದು ತಿರುಗಿ ನನ್ನ ಅಂಗಳಕ್ಕೆ ಬರಬಾರದು.

ಮಾಳಪ್ಪ ಒಮ್ಮೆ ಮಾತ್ರ ಇದನ್ನು ಮರೆತಿದ್ದ. ಹತ್ತು ವರ್ಷದ ಹಿಂದೆ ನರಗುಂದದ ಕಡೆಯವನೊಬ್ಬ ಅವಸರದಲ್ಲಿ ಹಗ್ಗವನ್ನೂ ಕೈಗಿತ್ತಾಗ ಸುಮ್ಮನೆ ಹಿಡಿದುಕೊಂಡು ಬಂದ. ಆ ಎತ್ತು ಮೂರನೆಯ ದಿನ ಸಾಲಿನ ನಡುವೆ ಮಲಗಿತು. ಬಾಲ ತಿರುವಿದರೂ ಏಳಲಿಲ್ಲ, ಹಸಿ ಹುಲ್ಲು ಮುಂದಿಟ್ಟರೂ ಏಳಲಿಲ್ಲ. ಊರಿಗೆಲ್ಲ ಎತ್ತು ಆರಿಸಿ ಕೊಡುತ್ತಿದ್ದವನ ಮನೆಯಲ್ಲೇ ಮಲಗುವ ಎತ್ತು. ಅಂದಿನಿಂದ ಯಾರು ಏನು ಕೊಟ್ಟರೂ ಅವನ ಕಣ್ಣು ಮೊದಲು ಕೊಟ್ಟವನ ಕೈ ನೋಡುತ್ತಿತ್ತು.

ಇಂಥ ಮಾಳಪ್ಪ ಒಂದು ಬುಧವಾರ ಮಗಳು ಉಮಾಳ ಜೊತೆ ರೋಣಕ್ಕೆ ಹೋದ, ಕ್ಯಾಮೆರಾ ಆರಿಸಲು.

ಉಮಾ ಊರಿನಲ್ಲಿ ಬ್ಲೌಸ್ ಹೊಲಿಯುವವಳು. ಹೊಲಿದ ಬ್ಲೌಸ್ ತೊಟ್ಟ ಹೆಂಗಸರನ್ನು ಮೊಬೈಲಿನಲ್ಲಿ ಹಿಡಿಯುತ್ತ ಹಿಡಿಯುತ್ತ ಅವಳಿಗೆ ಫೋಟೊದ ಹುಚ್ಚು ಹತ್ತಿತ್ತು. ಬಸುರಿಯ ಕುಬಸ, ಕೂಸಿನ ತೊಟ್ಟಿಲ ಎಂದರೆ ಒಳಮನೆಯ ಕಾರ್ಯ. ಅಲ್ಲಿಗೆ ಗಂಡಸು ಫೋಟೊದವನು ಬಂದರೆ ಹೆಂಗಸರು ಸೆರಗು ಎಳೆದುಕೊಂಡು ಗೋಡೆಯಾಗುತ್ತಾರೆ. ಉಮಾ ಬಂದರೆ ನಗುತ್ತಾರೆ. ಬರುವ ಭಾನುವಾರ ಇಟಗಿಯಲ್ಲಿ ಅವಳ ಗೆಳತಿ ಭಾರತಿಯ ಕುಬಸ. ಆದರೆ ಭಾರತಿಯ ಅತ್ತೆ ರಮಾಬಾಯಿ ಫೋನಿನಲ್ಲಿ ಖಡಾಖಂಡಿತ ಹೇಳಿದ್ದಳು. "ಮೊಬೈಲಿನ್ಯಾಗ ತಗಿಯೂದಾದ್ರ ಬರಬ್ಯಾಡವಾ. ಖರೇ ಕ್ಯಾಮೆರಾ ತಗೊಂಡು ಬಾ. ಇಲ್ಲಂದ್ರ ಗಜೇಂದ್ರಗಡದ ಫೋಟೊದವರಿಗೆ ಹೇಳ್ತೀವಿ." ಈ ಒಂದು ಕೆಲಸ ಕೈಗೆ ಬಂದರೆ ಹತ್ತು ಮನೆಯ ಬಾಗಿಲು ತೆರೆಯುತ್ತದೆ; ತಪ್ಪಿದರೆ ಹೊಲಿಗೆ ಯಂತ್ರವೇ ಗತಿ ಎಂದು ಉಮಾಳಿಗೆ ಗೊತ್ತಿತ್ತು. ಒಂದು ತಿಂಗಳಿಂದ ವೀಡಿಯೊ ನೋಡಿ ನೋಡಿ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡಿದ್ದಳು. ಕ್ಯಾಮೆರಾವನ್ನು ಮಾತ್ರ ಇನ್ನೂ ಕೈಯಲ್ಲಿ ಹಿಡಿದಿರಲಿಲ್ಲ.

ಜಾಕೀರನ ಸ್ಟುಡಿಯೊ ಬಸ್ ಸ್ಟ್ಯಾಂಡಿನಿಂದ ಎರಡು ಓಣಿ ಆಚೆ. ನಲವತ್ತು ದಾಟಿದ ಮೆತ್ತಗಿನ ಮನುಷ್ಯ. ಗಾಜಿನ ಕಪಾಟಿನಿಂದ ಕಪ್ಪು ಕ್ಯಾಮೆರಾವೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ಹೊಸಾ ಡಿಎಸ್‌ಎಲ್‌ಆರ್‌ಗೆ ಯಾಕ ಹೋಗ್ತಿ ತಂಗಿ. ಇದು ನಂದ. ನಾ ಈಗ ಮಿರರ್‌ಲೆಸ್ ಅಂತ ಹೊಸಾ ನಮೂನಿದು ತಗೊಂಡೀನಿ, ಇದು ಖಾಲಿ ಕುಂತೈತಿ. ಎರಡು ಲೆನ್ಸ್ ಕೊಡ್ತೀನಿ. ಒಂದು ಹದಿನೆಂಟು–ಐವತ್ತೈದು, ದಿನಾ ಬಳಸೂದು. ಇನ್ನೊಂದು ಈ ಗಿಡ್ಡಂದು, ಐವತ್ತರದ್ದು. ಇದ್ರಾಗ ಜೂಮ್ ಇಲ್ಲ. ಹತ್ರ ಬೇಕಂದ್ರ ನೀನ ಹತ್ರ ಹೋಗ್ಬೇಕು, ದೂರ ಬೇಕಂದ್ರ ನೀನ ಹಿಂದ ಸರೀಬೇಕು. ಆದ್ರ ಒಳಮನ್ಯಾಗ ಇದರಷ್ಟು ಬೆಳಕು ಕುಡಿಯೂದು ಮತ್ತೊಂದಿಲ್ಲ."

ಮಾಳಪ್ಪನ ಕಣ್ಣು ಕಪಾಟಿನಲ್ಲಿ ಮಲಗಿದ್ದ ಮೊಳದುದ್ದದ ಲೆನ್ಸಿನ ಮೇಲಿತ್ತು. "ಆ ಉದ್ದಂದು ಯಾಕ ತೋರಸವಲ್ಲಿ?"

"ಕಾಕಾ, ಅದು ದೂರದ ಹಕ್ಕಿಗೆ. ಕುಬಸದ ಮನ್ಯಾಗ ಅದನ್ನ ಹಿಡದ್ರ ಬಸುರಿಯ ಮೂಗುತಿ ಅಷ್ಟ ಬರತೈತಿ. ಉಳಿದ ಬೀಗರೆಲ್ಲಾ ಸಿಟ್ಟಾಗ್ತಾರ."

ಉಮಾ ನಕ್ಕಳು. ಮಾಳಪ್ಪ ನಗಲಿಲ್ಲ. ಮಗಳ ಕಿವಿಯ ಹತ್ತಿರ ಬಂದು, "ದೊಡ್ಡದು ತನಗ ಇಟಗೊಂಡು ಗಿಡ್ಡಂದು ನಮಗ ಹಚ್ಚಾಕತ್ತಾನ ನೋಡು," ಎಂದ. ಆಮೇಲೆ ಜಾಕೀರನ ಕಡೆ ತಿರುಗಿ, "ಹಲ್ಲೆಷ್ಟು ಇದಕ್ಕ?" ಎಂದು ಕೇಳಿದ.

"ಅಪ್ಪಾ..." ಉಮಾ ತಲೆ ತಗ್ಗಿಸಿದಳು.

"ಇರಲಿ ಬಿಡು ತಂಗಿ, ಕೇಳಬೇಕಾದ ಮಾತ," ಎಂದ ಜಾಕೀರ. ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ಪರದೆ ತೋರಿಸಿದ. "ಇದು ಎಷ್ಟು ಸಲ ಕಣ್ಣು ಮಿಟುಕಿಸೈತಿ ಅಂತ ಇಲ್ಲಿ ಬರದಿರತೈತ್ರಿ. ನಲವತ್ತೆರಡು ಸಾವಿರ. ಲಕ್ಷದ ತನಕ ದುಡಿಯಾಕ ಮೋಸ ಇಲ್ಲ."

"ಅಂದ್ರ ನಾಕ ಹಲ್ಲಿಂದು. ದುಡಿಯೂ ವಯಸ್ಸು," ಎಂದ ಮಾಳಪ್ಪ, ಅರ್ಧ ಒಪ್ಪಿದವನಂತೆ. ಅಷ್ಟರಲ್ಲಿ ಕ್ಯಾಮೆರಾದ ಹಿಂದಿನ ಪರದೆ ತಾನಾಗಿ ಆರಿತು. ಮಾಳಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ನೋಡಿದೇನ? ಮಲಗಿತು."

"ಮುಟ್ಟಿದ್ರ ಏಳತೈತ್ರಿ ಕಾಕಾ."

"ಆ ನರಗುಂದದವನೂ ಹಿಂಗ ಅಂದಿದ್ದ."

ಉಮಾ ನೋಟ್‌ಬುಕ್ಕಿನಲ್ಲಿ ಬರೆದಂತೆ ಎರಡೂ ಲೆನ್ಸಿನೊಳಗೆ ಮೊಬೈಲಿನ ಟಾರ್ಚು ಹಾಯಿಸಿ ನೋಡಿದಳು. ಬೂಷ್ಟು ಇರಲಿಲ್ಲ, ಗೀರು ಇರಲಿಲ್ಲ. ಬೆಲೆಯ ಮಾತು ಬಂದಾಗ ಮಾಳಪ್ಪ ಹೇಳಿದ ಮೊದಲ ಮಾತಿಗೇ ಜಾಕೀರ ಹೂಂ ಎಂದ. ಜಗ್ಗಾಡಲು ತಯಾರಾಗಿ ಬಂದವನಿಗೆ ಇದು ಸರಿಬರಲಿಲ್ಲ. ಇನ್ನೊಂದನ್ನೂ ಅವನು ಗಮನಿಸಿದ. ಇಷ್ಟು ಹೊತ್ತು ಎಲ್ಲ ಗುಂಡಿ ತೋರಿಸಿದ ಜಾಕೀರ ಒಮ್ಮೆಯೂ ಆ ಕ್ಯಾಮೆರಾವನ್ನು ತನ್ನ ಕಣ್ಣಿಗೆ ಹಿಡಿದಿರಲಿಲ್ಲ. ದೂರವೇ ಇಟ್ಟುಕೊಂಡು, ಬೆರಳ ತುದಿಯಿಂದ ತಿರುವಿ, ಉಮಾಳ ಕಡೆ ಸರಿಸುತ್ತಿದ್ದ. ಸ್ವಂತ ಎತ್ತಿನ ಬೆನ್ನ ಮೇಲೆ ಕೈ ಇಡದ ಮಾರುವವನನ್ನು ಮಾಳಪ್ಪ ಅದುವರೆಗೆ ಕಂಡಿರಲಿಲ್ಲ.

ಕೊನೆಗೆ ಜಾಕೀರ ಕ್ಯಾಮೆರಾವನ್ನು ಎತ್ತಿ ಕೊಟ್ಟಾಗ ಅದರ ಕೊರಳಪಟ್ಟಿ ಜೊತೆಯಲ್ಲೇ ಇತ್ತು. ಬೆವರು ಕುಡಿದು ಅಂಚು ಸವೆದ ಪಟ್ಟಿ.

"ಪಟ್ಟಿ ಬಿಚಗೊಂಡು ಕೊಡು," ಎಂದ ಮಾಳಪ್ಪ.

"ಯಾಕ್ರಿ? ಕೊಳ್ಳಾಗ ಹಾಕ್ಕೊಳ್ಳಾಕ ಬೇಕಲ್ಲ. ಇರಲಿ ಒಯ್ರಿ."

ಮಾಳಪ್ಪ ರೊಕ್ಕ ಎಣಿಸಿ ಮೇಜಿನ ಮೇಲಿಟ್ಟ. ಶಿರೋಳದ ಬಸ್ಸು ಹತ್ತಿ ಕೂತ ಮೇಲೆ ಉಮಾಳ ತೊಡೆಯ ಮೇಲಿದ್ದ ಚೀಲವನ್ನು ನೋಡುತ್ತ ಹೇಳಿದ. "ಹಗ್ಗದ ಸಮೇತ ಕೊಟ್ಟ. ಏನೋ ಐತಿ ಇದರಾಗ."

"ಅವರಿಗೇನ ಗೊತ್ತಪಾ ನಮ್ಮ ಎತ್ತಿನ ಪದ್ಧತಿ?"

"ಪದ್ಧತಿ ಗೊತ್ತಿರಲಿಕ್ಕಿಲ್ಲ. ಬಿಡಸ್ಕೊಳ್ಳೂದು ಎಲ್ಲರಿಗೂ ಗೊತ್ತಿರತೈತಿ."

ಉಮಾ ಕಿಟಕಿಯ ಕಡೆ ತಿರುಗಿದಳು. ಆದರೆ ಮಾತು ಒಳಗೆ ಇಳಿದಾಗಿತ್ತು.

ಮನೆಯಲ್ಲಿ ಉಮಾಳ ಅವ್ವ ಮಾಯವ್ವ ಪಡಸಾಲೆಯ ಗೋಡೆಗೆ ತೂಗುಹಾಕಿದ ಫೋಟೊಕ್ಕೆ ಹೂವು ಏರಿಸುತ್ತಿದ್ದಳು. ಅದು ಮಾಳಪ್ಪನ ತಾಯಿ ಅಡಿವೆವ್ವನದು. ಎಪ್ಪತ್ತು ಚಿಲ್ಲರೆ ವರ್ಷ ಬದುಕಿದ ಮುದುಕಿಯ ಒಂದೇ ಒಂದು ಚಿತ್ರ. ಅದನ್ನೂ ತೆಗೆದದ್ದು ಸತ್ತ ಮೇಲೆ, ಗೋಡೆಗೆ ಒರಗಿಸಿ ಕೂರಿಸಿ. ರೋಣದಿಂದ ಯಾರೋ ಬಂದು ತೆಗೆದು ಹೋಗಿದ್ದರು. ಬೇಕಿದ್ದರೆ ಕಣ್ಣು ತೆರೆದಂತೆ ಬರೆದುಕೊಡುತ್ತೇವೆ ಎಂದಾಗ, ಸುಳ್ಳು ಕಣ್ಣು ಬೇಡ ಎಂದವನು ಮಾಳಪ್ಪನೇ. ದಿನಾ ಬೆಳಿಗ್ಗೆ ಆ ಮುಚ್ಚಿದ ಕಣ್ಣುಗಳ ಮುಂದೆ ಊದುಬತ್ತಿ ಬೆಳಗಿ ಹೊಲಕ್ಕೆ ಹೋಗುತ್ತಿದ್ದ.

ಉಮಾ ಗಿಡ್ಡ ಲೆನ್ಸು ಸಿಕ್ಕಿಸಿ ಅವ್ವನ ಫೋಟೊ ತೆಗೆದಳು. ಪರದೆಯಲ್ಲಿ ನೋಡಿದರೆ ಮಾಯವ್ವನ ಒಂದು ಕಣ್ಣು ಮಾತ್ರ ಚೊಕ್ಕಟ. ಇನ್ನೊಂದು ಕಣ್ಣು, ಕಿವಿ, ಕೈಯಲ್ಲಿದ್ದ ಹೂವು ಎಲ್ಲ ಮಂಜು. ಹಿಂದಿನ ಅಡಿವೆವ್ವ ಅಂತೂ ಬರೀ ಬೂದಿಬಣ್ಣ. ಹತ್ತು ಸಲ ತೆಗೆದಳು, ಹತ್ತು ಸಲವೂ ಹಾಗೇ.

"ಪರೆ ಬಂದೈತಿ ಇದರ ಕಣ್ಣಿಗೆ," ಎಂದ ಮಾಳಪ್ಪ.

ಈ ಸಲ ಉಮಾಳಿಗೂ ಹಾಗೇ ಅನಿಸಿತು. ಟಾರ್ಚಿನಲ್ಲಿ ಕಾಣದ ದೋಷವೂ ಇರಬಹುದಲ್ಲ. ಅಷ್ಟು ಬೇಗ ಬೆಲೆಗೆ ಒಪ್ಪಿದ್ದೇಕೆ? ಕಣ್ಣಿಗೆ ಹಿಡಿಯದಿದ್ದದ್ದೇಕೆ? ಒಮ್ಮೆ ಸಂಶಯ ಹೊಕ್ಕ ಮೇಲೆ ಜಾಕೀರನ ಮೆತ್ತಗಿನ ಮಾತೂ ಬೇರೆ ತರಹ ಕೇಳಿಸತೊಡಗಿತು. ಗುರುವಾರವಿಡೀ ಅವಳು ಆ ಕ್ಯಾಮೆರಾವನ್ನು ಮುಟ್ಟಲಿಲ್ಲ.

ಶುಕ್ರವಾರ ಮಧ್ಯಾಹ್ನ ಇಬ್ಬರೂ ರೋಣಕ್ಕೆ ಬಂದರೆ ಸ್ಟುಡಿಯೊದ ಬಾಗಿಲು ಮುಚ್ಚಿತ್ತು.

"ಹೇಳಿದ್ದಿಲ್ಲ?" ಎಂದ ಮಾಳಪ್ಪ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ತನ್ನ ಮಾತೇ ನಿಜವಾದ ಸಂಕಟವಿತ್ತು.

ಬಾಜೂ ಚಹಾದಂಗಡಿಯ ತೋಟಪ್ಪ ಬಟ್ಟಲು ತೊಳೆಯುತ್ತಲೇ ಕೂಗಿದ. "ಎಲ್ಲೂ ಓಡಿ ಹೋಗಿಲ್ಲೋ ಮಾರಾಯಾ. ಶುಕ್ರವಾರ, ನಮಾಜಿಗೆ ಹೋಗ್ಯಾನ. ಕುಂಡ್ರು."

ಮಾಳಪ್ಪ ಕಟ್ಟೆಯ ಮೇಲೆ ಕೂತ. ಬಸವಣ್ಣನ ದಿನವೆಂದು ಸೋಮವಾರ ತಾನೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಎಂಥ ಹದದ ಮಳೆಯಾದರೂ. ಅಂದು ಯಾರಾದರೂ ಬಂದು ಅವಸರ ಮಾಡಿದರೆ ಅವನಿಗೂ ಸಿಟ್ಟು ಬರುತ್ತದೆ. ದೇವರ ಪಾಲಿನ ಹೊತ್ತನ್ನು ಮುರಿಯದ ಮನುಷ್ಯ ಮೋಸ ಮಾಡಬಹುದೇ ಎಂದು ಯೋಚಿಸಿದ. ಮಾಡಬಹುದು ಎಂದೂ ಅನಿಸಿತು. ಆ ನರಗುಂದದವನ ಹಣೆಯ ಮೇಲೂ ವಿಭೂತಿ ಇತ್ತು.

ಜಾಕೀರ ಬಂದ. ಬಾಗಿಲು ತೆಗೆದು, ಉಮಾ ತೋರಿಸಿದ ಫೋಟೊ ನೋಡಿದ, ನಕ್ಕ. "ಇದು ಪರೆ ಅಲ್ರಿ. ಲೆನ್ಸಿನ ಕಣ್ಣು ಪೂರ್ತಿ ತೆರದೈತಿ. ಅಷ್ಟು ತೆರದಾಗ ಬೆಳಕು ಭಾಳ ಬರತೈತಿ, ಆದ್ರ ಒಂದ ಜಾಗಾ ಅಷ್ಟ ಸ್ವಚ್ಛ ಕಾಣತೈತಿ. ತಂಗಿ, ಆ ಗಾಲಿ ತಿರುವು. ಒಂದು ಪಾಯಿಂಟ್ ಎಂಟು ಅಂತ ಐತಲ್ಲ, ನಾಕಕ್ಕ ತಗೊಂಡು ಹೋಗು. ಕಣ್ಣು ಕಿರಿದಾಗತೈತಿ. ಈಗ ಅಪ್ಪಾರನ್ನ ತಗಿ."

ಉಮಾ ಗಾಲಿ ತಿರುವಿ ತೆಗೆದಳು. ಮಾಳಪ್ಪನ ಎರಡೂ ಕಣ್ಣು, ಎರಡೂ ಕಿವಿ, ಮೀಸೆಯ ಬಿಳಿ ಎಳೆ ಎಳೆ, ಮುಖದ ತುಂಬ ಸಂಶಯ, ಎಲ್ಲ ಸ್ಪಷ್ಟ ಬಂತು. ಉಮಾಳ ಎದೆಯ ಭಾರ ಅರ್ಧ ಇಳಿಯಿತು.

ಮಾಳಪ್ಪನದು ಇಳಿಯಲಿಲ್ಲ. "ನೀ ತಗಿ ಒಂದು," ಎಂದ ಜಾಕೀರನಿಗೆ.

"ಆಕಿನ ಚಲೋ ತಗದಾಳಲ್ರಿ."

"ನೀ ತಗಿ ಅಂದೆ. ಕಣ್ಣಿಗೆ ಹಿಡದು ತಗಿ."

ಜಾಕೀರ ಕೈ ಚಾಚಲಿಲ್ಲ. ಮಾಳಪ್ಪ ಮೇಜಿನ ಮೇಲೆ ಅಂಗೈ ಊರಿದ. "ನಾ ದನದ ಮನಷ್ಯಾ. ಮಾರಿದವ ಹಗ್ಗ ಇಟಗೋಬೇಕು. ಹಗ್ಗದ ಸಮೇತ ಕೊಟ್ಟಾ ಅಂದ್ರ ಅದು ತಿರುಗಿ ಬರಬಾರದು ಅಂತ ಅರ್ಥ. ಖರೇ ಹೇಳು, ಈ ಪಟ್ಟಿ ಯಾಕ ಬಿಟ್ಟಿ?"

ಜಾಕೀರ ಆ ಸವೆದ ಪಟ್ಟಿಯನ್ನು ನೋಡಿದ.

"ತಿರುಗಿ ಬರಬಾರದು ಅಂತನ ಬಿಟ್ಟೀನ್ರಿ," ಎಂದ. "ಮಷೀನಿಗೆ ಏನೂ ಆಗಿಲ್ಲ. ನನಗ ಆಗೈತಿ. ಸುತ್ತಲ ಹಳ್ಳ್ಯಾಗ ಯಾರರ ತೀರಿಕೊಂಡ್ರ ನನ್ನ ಕರೀತಾರ. ಬದುಕಿದ್ದಾಗ ಫೋಟೊ ಇರೂದಿಲ್ಲ, ಗೋಡಿಗೆ ಹಾಕಾಕ ಒಂದು ಬೇಕು. ಇಷ್ಟೂ ವರ್ಷ ಇದರಾಗ ತಗದೀನಿ. ಎಷ್ಟು ಅಂತ ಕೇಳಬ್ಯಾಡ್ರಿ. ಈಗ ಇದನ್ನ ಕಣ್ಣಿಗೆ ಹಿಡದ್ರ ಸಾಕು, ಹೆಣದ ಮ್ಯಾಲಿನ ಚೆಂಡುಹೂವಿನ ವಾಸನಿ ಬರತೈತಿ. ಕುಬಸಕ್ಕ ಅಂತ ತಂಗಿ ಹೇಳಿದಾಗ ನಾ ಹೇಳಬೇಕಿತ್ತು. ಹೇಳಿದ್ರ ಒಯ್ಯೂದಿಲ್ಲ ಅಂತ ಸುಮ್ಮನಾದೆ. ತಪ್ಪಾತ್ರಿ. ಬ್ಯಾಡಾದ್ರ ಇಟ್ಟು ಹೋಗ್ರಿ, ರೊಕ್ಕ ಇಲ್ಲೇ ಐತಿ."

ಉಮಾಳ ಕೈ ಕ್ಯಾಮೆರಾದ ಮೇಲಿಂದ ಸರಿಯಿತು. ಬಸುರಿಯ ಮುಂದೆ ಹಿಡಿಯಬೇಕಾದ ವಸ್ತು. ನಾಡಿದ್ದೇ ಭಾನುವಾರ.

ಅವಳು ಮೆಲ್ಲಗೆ ಕೇಳಿದಳು. "ಶಿರೋಳಕ್ಕೂ ಬಂದಿದ್ರೇನ್ರಿ ಅಣ್ಣಾರ?"

"ಬಂದೀನವಾ. ನಾಕೈದು ಸಲ. ಒಂದು ಮನಿ ನೆನಪೈತಿ. ಅಂಗಳದಾಗ ಎತ್ತು ಕಟ್ಟಿದ್ರು. ಮುದುಕಿ, ಕೈತುಂಬ ಹಚ್ಚಿ ಹಾಕಿಸ್ಕೊಂಡಾಕಿ. ಕಣ್ಣು ಬರದು ಕೊಡ್ಲೇನು ಅಂದ್ರ, ಸುಳ್ಳು ಕಣ್ಣು ಬ್ಯಾಡ ಅಂದಿದ್ರು ಆ ಮನಿಯವರು. ಹಂಗ ಅಂದವರು ಅವರೊಬ್ಬರ."

ಮಾಳಪ್ಪ ಕೂತುಬಿಟ್ಟ. ತಾಯಿ ಸತ್ತ ಆ ದಿನ ಅತ್ತು ಅತ್ತು ಅವನಿಗೆ ಯಾರ ಮುಖವೂ ಕಂಡಿರಲಿಲ್ಲ. ಐದು ವರ್ಷ ಊದುಬತ್ತಿ ಬೆಳಗಿದ್ದು ಈ ಕೈಯ ಕೆಲಸಕ್ಕೆ. ಮೇಜಿನ ಮೇಲಿದ್ದ ಕಪ್ಪು ಡಬ್ಬಿಯನ್ನು ಅವನು ಮೊದಲ ಸಲ, ಎತ್ತಿನ ಬೆನ್ನು ಸವರುವಂತೆ, ಸವರಿದ. ಆಮೇಲೆ ಪಟ್ಟಿಯ ಎರಡೂ ತುದಿ ಬಿಚ್ಚಿ ಜಾಕೀರನ ಕೈಯಲ್ಲಿಟ್ಟ.

"ಇದು ನಿಂದು. ಗೂಟಕ್ಕ ಕಟ್ಟು. ನಿನ್ನ ಅಂಗಡಿ ಬರಿದಾಗಬಾರದು." ಮಗಳ ಕಡೆ ನೋಡಿದ. "ಒಯ್ಯೂದೋ ಬಿಡೂದೋ ನೀ ಹೇಳವಾ."

"ಒಯ್ಯೂದಪಾ," ಎಂದಳು ಉಮಾ. "ಆದ್ರ ರಮಾಬಾಯಾರಿಗೆ ಹೇಳೇ ಒಳಗ ಹೋಗ್ತೀನಿ. ಮೈಮ್ಯಾಲಿನ ಕೆಟ್ಟ ಸುಳಿ ಮುಚ್ಚಿ ದನಾ ಮಾರಬಾರದು ಅಂತ ನೀನ ಹೇಳ್ತಿದ್ದಿ."

ಶನಿವಾರ ಮಾಳಪ್ಪ ಮನೆಯ ಹತ್ತಿಯ ನೂಲು ಹೊಸೆದು ಹಗುರ ಹಗ್ಗ ಮಾಡಿದ. ಭಾನುವಾರ ಆ ಬಿಳಿ ಹಗ್ಗ ಕೊರಳಲ್ಲಿ ಹಾಕಿಕೊಂಡು ಉಮಾ ಇಟಗಿಗೆ ಬಂದಳು. ಒಳಗೆ ಹಸಿರು ಸೀರೆ ಉಟ್ಟ ಭಾರತಿ ಮಣೆಯ ಮೇಲೆ ಕೂತಿದ್ದಳು. ಉಮಾ ಹೊಸ್ತಿಲ ಹೊರಗೇ ನಿಂತು, ರಮಾಬಾಯಿಯನ್ನು ಕರೆದು, ಕ್ಯಾಮೆರಾದ ಕತೆಯನ್ನು ಒಂದೂ ಬಿಡದೆ ಹೇಳಿದಳು. ತಿರುಗಿ ಕಳಿಸಿದರೆ ಯಾವ ಬಸ್ಸು ಎಂದು ಆಗಲೇ ಲೆಕ್ಕ ಹಾಕಿದ್ದಳು.

ರಮಾಬಾಯಿ ಕಣ್ಣು ಕಿರಿದು ಮಾಡಿ ಕ್ಯಾಮೆರಾವನ್ನೂ, ಹಗ್ಗವನ್ನೂ, ಉಮಾಳ ಮುಖವನ್ನೂ ನೋಡಿದಳು. ಅವಳ ಬೆನ್ನ ಹಿಂದೆ ಪಡಸಾಲೆಯ ಗೋಡೆಯಲ್ಲಿ ಅವಳ ಗಂಡನ ಫೋಟೊ ಇತ್ತು. ಅದರ ಕಣ್ಣುಗಳು ತುಸು ಹೆಚ್ಚೇ ದೊಡ್ಡದಾಗಿ, ಯಾರೋ ಬರೆದಂತೆ ತೆರೆದಿದ್ದವು.

"ನಮ್ಮವರದೂ ರೋಣದವನ ತಗದದ್ದು," ಎಂದಳು. ಒಳಗೆ ಹೋಗಿ ದೇವರ ಮುಂದಿನ ಅರಿಶಿನದ ಭಂಡಾರ ತಂದು, ಗಾಜಿಗೆ ತಾಗದಂತೆ, ಹಗ್ಗದ ಗಂಟಿಗೆ ಹಚ್ಚಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಬಾಗಿಲ ಬೆಳಕಿಗೆ ಮುಖ ಕೊಟ್ಟು ಕೂತಳು.

"ಭಾರತೀದು ಆಮ್ಯಾಲ ತಗದ್ರಾತು. ಮೊದಲ ನಂದೊಂದು ತಗಿ, ಕಣ್ಣು ತೆರದಿರೂವಾಗ."