ಇಪ್ಪತ್ತಮೂರು ಸಹಿ

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ, ಕರಜಗಿಯ ಕ್ರೈಸ್ತ ಸಭೆಗೆ ಹನ್ನೊಂದು ವರ್ಷ ಪಾಲಕರಾಗಿದ್ದ ಯೆಶಾಯಪ್ಪನವರು, ಸೊಲ್ಲಾಪುರಕ್ಕೆ ವರ್ಗ ಕೊಡಿರೆಂದು ಮಿಷನ್ ಕಮಿಟಿಗೆ ಗುಟ್ಟಾಗಿ ಬರೆದಿದ್ದರು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಅವರಿಗೀಗ ಕತ್ತಲೆಯೊಂದೇ ಸಿಗುತ್ತಿತ್ತು. ಅದನ್ನು ಊರಲ್ಲಿ ಯಾರಿಗೂ ಹೇಳುವಂತಿರಲಿಲ್ಲ.

ಭಾನುವಾರ ಯೇಸುವಿನ ‘ಒಳ್ಳೆಯ ಕುರುಬ’ನ ವಚನದ ಮೇಲೆ ಬೋಧಿಸಿ ವೇದಿಕೆ ಇಳಿದಾಗ ಸಭೆಯ ಹಿರಿಯ ಕಲ್ಯಾಣಪ್ಪ ನಗುತ್ತ ಎದುರಾದ.

“ಪಾಸ್ಟರ್ ಸಾಹೇಬ್ರ, ನಿಮ್ಮನ್ನ ಇಲ್ಲಿಂದ ಕೀಳಾಕ ಹೊಂಟಿದ್ರಂತ. ನಾವು ಬಿಡ್ತೀವೇನ್ರಿ? ಕಮಿಟಿಗಿ ಅರ್ಜಿ ಕೊಟ್ಟು ಬಂದ್ವಿ. ವರ್ಗಾ ರದ್ದಾಗ್ಯಾದ!”

“ಹೆಬ್ಬೆಟ್ಟು ಒತ್ತಿದ ಅರ್ಜಿಗಿ ಕಮಿಟಿ ಮಣೀತೇನೋ?” ಎಂದರು ಯೆಶಾಯಪ್ಪನವರು.

“ಹೆಬ್ಬೆಟ್ಟು ಯಾಕ್ರಿ? ಇಪ್ಪತ್ತಮೂರು ಮಂದಿ ಸಹಿ ಮಾಡೀವಿ. ಅಕ್ಕನಾಗಮ್ಮ ಮುದುಕಿನೂ!”

ಕಮಿಟಿ ಠಸ್ಸೆ ಒತ್ತಿ ತಿರುಗಿ ಕಳಿಸಿದ್ದ ಅರ್ಜಿಯನ್ನು ಅವನು ಮುಂದೆ ಹಿಡಿದ. ಬೈಬಲ್ ತಾವೇ ಓದಿಕೊಳ್ಳಲಿ, ಪಾಲಕನ ಹಂಗು ಬೇಡವೆಂದು, ಈ ಜನಕ್ಕೆ ಮರಳಿನ ಮೇಲೆ ಅಕ್ಷರ ತಿದ್ದಿಸಿದವರು ಯೆಶಾಯಪ್ಪನವರೇ. ಅಕ್ಕನಾಗಮ್ಮನ ಹೆಸರು ಅವರದೇ ಕೈಬರಹದಂತೆ ಬಲಕ್ಕೆ ವಾಲಿತ್ತು.

“ದೇವ್ರಿಗಿ ಉಪಕಾರಸ್ತುತಿ ಮಾಡ್ರಿ,” ಎಂದ ಕಲ್ಯಾಣಪ್ಪ.

ಸುತ್ತ ನೆರೆದಿದ್ದ ಸಭೆಯವರೆಲ್ಲರೂ ಕಣ್ಣು ಮುಚ್ಚಿದರು. ಕಡೆಗೆ ಯೆಶಾಯಪ್ಪನವರೂ ಮುಚ್ಚಿದರು.