ಸಡಿಲ ಬಿಟ್ಟ ಅಂಚು

ಚೀಲ ಮತ್ತೆ ಸೋರಿತ್ತು. ಗಂಡ ಎಚ್ಚರವಾಗಿಯೇ ಇದ್ದ, ಆದರೆ ಕರೆದಿರಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ಕೂತಲ್ಲೇ ತೂಕಡಿಸುತ್ತಿದ್ದ ಹೆಂಡತಿಯನ್ನು ವಾಸನೆಯೇ ಎಬ್ಬಿಸಿತು.

"ಕರೆಯೋಕೆ ಏನಾಗಿತ್ತು?"

"ಕರೆದ್ರೆ ಸೋರೋದು ನಿಲ್ಲುತ್ತಾ?"

ಅವನು ಬಸ್ ಓಡಿಸುವವನು. ಕರುಳು ತಿರುಚಿಕೊಂಡು ಆಪರೇಷನ್ ಆಗಿತ್ತು. ಕತ್ತರಿಸಿ ಜೋಡಿಸಿದ ಜಾಗ ಹಿಡಿಯಲಿಲ್ಲ. ಒಳಗೆ ಕೀವಾಗಿ, ಜ್ವರ ಬಂದು, ಕೊನೆಗೆ ಹೊಟ್ಟೆಯ ಗಾಯದಲ್ಲೇ ಒಂದು ತೂತು ಬಿದ್ದು, ಕರುಳಿನ ರಸ ಹೊರಗೆ ಹರಿಯತೊಡಗಿತು. ತೂತಿನ ಸುತ್ತ ಅಂಟಿಸುವ ದಪ್ಪ ಹಾಳೆ, ಹಾಳೆಗೆ ತಗುಲಿದ ಚೀಲ. ಮೊದಮೊದಲು ಬಾಯಿಗೆ ಹನಿ ನೀರೂ ಇರಲಿಲ್ಲ, ಊಟವೆಲ್ಲ ನರಕ್ಕೆ ಚುಚ್ಚಿದ ನಳಿಕೆಯಲ್ಲೇ. ಈಗೀಗ ಅಳತೆಯ ತೆಳು ಆಹಾರ ಕೊಡುತ್ತಿದ್ದರು.

"ಚರ್ಮ ಚೆನ್ನಾಗಿದ್ದು, ಚೀಲ ಹಾಕೋದನ್ನ ನೀವೇ ಕಲಿತ್ರೆ ಮನೆಗೆ ಕಳಿಸ್ತೀನಿ" ಎಂದಿದ್ದರು ಸರ್ಜನ್. "ತೂತು ತಾನಾಗೇ ಮುಚ್ಚಿದ್ರೂ ಮುಚ್ಚೀತು. ಇಲ್ಲಾಂದ್ರೆ ಕೆಲವು ತಿಂಗಳು ಕಾದು ಇನ್ನೊಂದು ಆಪರೇಷನ್."

ಇವತ್ತು ಅವರು ತೀರ್ಮಾನ ಹೇಳುವ ದಿನ. ಹೆಂಡತಿ ಆಗಲೇ ಬಟ್ಟೆಬರೆ ಗಂಟು ಕಟ್ಟಿದ್ದಳು.

ಅವಳು ದರ್ಜಿ. ಗಾಯ ಚೀಲಕ್ಕೆ ತೆರೆದುಕೊಳ್ಳುವಂತೆ ಹಾಳೆಯಲ್ಲಿ ತೂತು ಕತ್ತರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಅಂಚು ಎಲ್ಲೂ ಸೊಟ್ಟಗಾಗುತ್ತಿರಲಿಲ್ಲ. ಆದರೂ ಯಾಕೆ ಸೋರುತ್ತದೆ ಎಂಬುದು ಮಾತ್ರ ತಿಳಿದಿರಲಿಲ್ಲ.

ವಾರ್ಡಿನವರೆಲ್ಲ ದೊಡ್ಡಕ್ಕ ಎನ್ನುತ್ತಿದ್ದ ನರ್ಸ್ ಬಂದು ಹಾಳೆಯನ್ನು ಮೆಲ್ಲಗೆ ಸುಲಿದಳು. ತೂತಿನ ಸುತ್ತ ಚರ್ಮ ಕೆಂಪಾಗಿ, ಸುಲಿದು, ಒಸರುತ್ತಿತ್ತು.

"ಅಯ್ಯೋ ತಾಯಿ, ಇಷ್ಟು ಅಗಲ ಯಾಕೆ ಕತ್ತರಿಸಿದೆ?"

"ಒಂದ್ಬೆರಳು ಸಡಿಲ ಬಿಟ್ಟೆ ಅಕ್ಕಾ. ಬಿಗಿಯಾದ್ರೆ ನೋಯುತ್ತಲ್ಲ."

"ಇದೇನು ಅಂಗಿನಾ, ದಪ್ಪ ಆದ್ಮೇಲೆ ಬಿಚ್ಚಿ ಹೊಲಿಯೋಕೆ? ಗಾಯ ಕುಗ್ತಾ ಇದೆ, ನೀನು ಹಳೇ ಅಳತೇಲೇ ಇದ್ದೀಯ. ಅನ್ನ ಅರಗಿಸೋ ರಸ ಅದು. ಅದಕ್ಕೆ ಅನ್ನ ಯಾವ್ದು, ತೊಗಲು ಯಾವ್ದು ಗೊತ್ತಾಗಲ್ಲ. ಬರಿ ಚರ್ಮ ಸಿಕ್ರೆ ಸಾಕು, ತಿಂದುಹಾಕುತ್ತೆ. ಪ್ರತಿ ಸಲ ಹೊಸದಾಗಿ ಅಳೀಬೇಕು, ಅಂಚಿಗೆ ಅಂಚು."

ಹೊಲಿಗೆಯಲ್ಲಿ ಬಟ್ಟೆ ಉಳಿಸದೆ ಕತ್ತರಿಸುವವರು ಜಿಪುಣರು. ಮಕ್ಕಳು ಬೆಳೆಯುತ್ತವೆ, ಮೈ ಕೈ ತುಂಬಿಕೊಳ್ಳುತ್ತದೆ. ಅವಳ ಕೈ ತಾನಾಗಿಯೇ ಧಾರಾಳವಾಗಿತ್ತು.

ದೊಡ್ಡಕ್ಕ ಉಗುರುಬೆಚ್ಚನೆ ನೀರಲ್ಲಿ ಒರೆಸಿ, ಒತ್ತಿ ಒಣಗಿಸಿ, ಪುಡಿ ಉದುರಿಸಿದಳು. ಅಷ್ಟರಲ್ಲಿ ಪಕ್ಕದ ವಾರ್ಡಿನಿಂದ ಕೂಗಿದರು. "ಹೊಸ ಚೀಲ ನೀನೇ ಹಾಕು, ಬಂದೆ. ಈ ಚರ್ಮದ ವಿಷ್ಯ ಡಾಕ್ಟ್ರಿಗೆ ಹೇಳ್ಬೇಕು" ಎಂದು ಓಡಿದಳು.

ಹೆಂಡತಿ ಅಳತೆಗೆಂದು ಕೊಟ್ಟಿದ್ದ ಪಾರದರ್ಶಕ ಹಾಳೆಯನ್ನು ಗಾಯದ ಮೇಲಿಟ್ಟು, ಅಂಚು ಗೀಚಿ, ಆ ಗೆರೆಯನ್ನು ದಪ್ಪ ಹಾಳೆಗೆ ಇಳಿಸಿ, ಗೆರೆಯ ಮೇಲೇ ಕತ್ತರಿಸಿದಳು. ಕೈ ಒಪ್ಪಲಿಲ್ಲ. ಆದರೂ ಕತ್ತರಿಸಿದಳು.

ಹೊಸ ಚೀಲ ಅಂಟಿದ ಮೇಲೆ ಗಂಡ ಪಿಸುಗುಟ್ಟಿದ. "ಬಾಯಿ ಬಿಡಬೇಡ. ಡಾಕ್ಟ್ರು ಚೀಲ ಕಿತ್ತು ನೋಡಲ್ಲ."

"ದೊಡ್ಡಕ್ಕ ಹೇಳಿದ್ರೆ?"

"ಅಷ್ಟೊತ್ತಿಗೆ ನಾವು ಗೇಟ್ ದಾಟಿರ್ತೀವಿ."

ಅವಳಿಗೂ ಮನೆ ಬೇಕಿತ್ತು. ಸೊಂಟ ಬಿದ್ದುಹೋಗಿತ್ತು. ಒಂದೇ ಒಂದು ಸಲ ಕಾಲು ಚಾಚಿ, ಯಾರ ನರಳಾಟವೂ ಕೇಳದಂತೆ ಮಲಗಬೇಕಿತ್ತು.

ಸರ್ಜನ್ ಬಂದರು, ಚೀಲದ ಮೇಲೆ ಬೆರಳಾಡಿಸಿದರು. "ಸೋರ್ತಿಲ್ಲ. ಭೇಷ್. ಹೊರಡಿ ಹಾಗಾದ್ರೆ."

ಗಂಡ ಆಗಲೇ ಕಾಲು ಕೆಳಗಿಟ್ಟಿದ್ದ.

"ಕೆಳಗೆ ಚರ್ಮ ಸುಟ್ಟಿದೆ ಸರ್" ಎಂದಳು. "ನಾನೇ ತಪ್ಪು ಕತ್ತರಿಸ್ತಿದ್ದೆ. ಇದು ಸರಿಯಾದದ್ದು, ಆದ್ರೆ ಒಂದೇ ಸಲ ಮಾಡಿದ್ದು."

ಸರ್ಜನ್ ಅಂಚು ಎತ್ತಿ ನೋಡಿ, ನಿಟ್ಟುಸಿರು ಬಿಟ್ಟರು. "ಒಳ್ಳೇದಾಯ್ತು ಹೇಳಿದ್ದು. ಮನೇಲಾಗಿದ್ರೆ ಗಾಯ ಕೊಳೆತು ಮತ್ತೆ ಇಲ್ಲಿಗೇ. ಚರ್ಮ ಬರೋವರೆಗೂ ಇರಿ."

ಅವರು ಹೋದ ಮೇಲೆ ಗಂಡ ಗೋಡೆಗೆ ತಿರುಗಿದ. ಆ ಕಡೆಗೇ ಮುಖ ಮಾಡಿಕೊಂಡು ಅಂದ, "ನನ್ನನ್ನ ನಡುದಾರೀಲಿ ಇಳಿಸಿಬಿಟ್ಟೆ ಕಣೇ."

"ಬ್ರೇಕ್ ಇಲ್ಲದ ಗಾಡೀನ ನೀನು ಡಿಪೋದಿಂದ ತೆಗೀತಿದ್ಯಾ?"

ಅವನು ನಗಲಿಲ್ಲ. ಅವಳಿಗೂ ನಗು ಬರಲಿಲ್ಲ. ಗಂಟು ಬಿಚ್ಚಿ, ಹೊದಿಕೆ ತೆಗೆದು, ತಿರುಗಿ ಮಲಗಿದ ಆ ಬೆನ್ನಿನ ಮೇಲೆ ಹಾಕಿದಳು.